ಶರೀಫರ ಪದಕ್ಕೆ ಗಿಟಾರು

ಶಿಶುನಾಳ ಶರೀಫ ಸಾಹೇಬರು ಹುಟ್ಟಿದ್ದು 1819ರಲ್ಲಿ, ತೀರಿಕೊಂಡದ್ದು 1889ರಲ್ಲಿ. ಅವರ ಪದಗಳು ಕೂಕಟ್‌ಪಲ್ಲಿಯ ಹೌಸಿಂಗ್ ಬೋರ್ಡ್ ಕಾಲೊನಿಯ ನಮ್ಮ ಮನೆಯ ಮಕ್ಕಳ ಬಾಯಿಗೆ ಬಂದದ್ದು ಗಿಟಾರಿನ ಮೂಲಕ ಎಂದರೆ ಹಿರಿಯ ವಾಚಕರು ಹುಬ್ಬೇರಿಸಿಯಾರು. ನಾವೂ ಮೊದಲು ಹುಬ್ಬೇರಿಸಿದವರೇ.

ಈಗಿನ ಹಾವೇರಿ ಜಿಲ್ಲೆಯ ಶಿಶುವಿನಹಾಳದ ಈ ಸಂತರು ಗೋವಿಂದಭಟ್ಟರ ಶಿಷ್ಯರಾದ ಕಥೆಯನ್ನು ಇಲ್ಲಿ ಮತ್ತೆ ಹೇಳಬೇಕಾಗಿಲ್ಲ. ಬಹುಕಾಲ ಭಜನೆಯವರ ಬಾಯಲ್ಲಿಯೇ ಉಳಿದಿದ್ದ ಅವರ ಪದಗಳನ್ನು ಕ್ಯಾಸೆಟ್ಟಿನ ಕಾಲದಲ್ಲಿ ಮನೆಮನೆಗೆ ಮುಟ್ಟಿಸಿದವರಲ್ಲಿ ಸಿ. ಅಶ್ವತ್ಥರೂ ಶಿವಮೊಗ್ಗ ಸುಬ್ಬಣ್ಣನವರೂ ಮುಖ್ಯರು. 1990ರಲ್ಲಿ ಟಿ. ಎಸ್. ನಾಗಾಭರಣರ ಚಲನಚಿತ್ರವೂ ಬಂದಿತು, ಸಂಗೀತ ಅಶ್ವತ್ಥರದೇ. ಅವರು ವಿಜ್ಞಾನ ಪದವೀಧರರು, 27 ವರ್ಷ ಐ.ಟಿ.ಐ. ಕಾರ್ಖಾನೆಯ ನೌಕರಿಯಲ್ಲಿದ್ದವರು. ಕಡತಗಳ ನಡುವೆ ಕುಳಿತ ನಮ್ಮಂಥ ಬಿ.ಎಸ್‌ಸಿ.ಗಳಿಗೆ ಇದೊಂದು ಸಣ್ಣ ಹೆಮ್ಮೆ.

ಗಿಟಾರು ತಂದವರು ರಘು ದೀಕ್ಷಿತ್. 1974ರಲ್ಲಿ ನಾಸಿಕದಲ್ಲಿ ಹುಟ್ಟಿ ಮೈಸೂರಿನಲ್ಲಿ ಬೆಳೆದವರು. ಓದಿದ್ದು ಸೂಕ್ಷ್ಮಜೀವಿಶಾಸ್ತ್ರ, ಕಲಿತದ್ದು ಭರತನಾಟ್ಯ. ತಾವೇ ಹಾಡು ಕಟ್ಟಿ ಹಾಡುವ ಇವರ ಮೊದಲ ಆಲ್ಬಂ 2008ರಲ್ಲಿ ಮುಂಬಯಿಯ ಸಂಗೀತ ನಿರ್ದೇಶಕರಾದ ವಿಶಾಲ್–ಶೇಖರ್ ಅವರ ಸಂಸ್ಥೆಯಿಂದ ಹೊರಬಂದಿತು. ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಶರೀಫರ ಎರಡು ಪದಗಳು: ಒಂದು ಗುಡುಗುಡಿಯದು, ಇನ್ನೊಂದು ಸೋರುವ ಮಾಳಿಗೆಯದು. 2010ರಲ್ಲಿ ಬಿ.ಬಿ.ಸಿ.ಯ ಜೂಲ್ಸ್ ಹಾಲೆಂಡರ ಕಾರ್ಯಕ್ರಮದಲ್ಲಿ ಇವರು ಹಾಡಿದರು. ಬಣ್ಣದ ಲುಂಗಿ, ಕಾಲಿಗೆ ಗೆಜ್ಜೆ!

ಶರೀಫರು ತೀರಿಕೊಂಡ ಆಸುಪಾಸಿನಲ್ಲಿಯೇ ಅಮೆರಿಕದ ದಕ್ಷಿಣ ಸೀಮೆಯ ಹತ್ತಿಹೊಲಗಳಲ್ಲಿ ಕಪ್ಪು ಜನರ ಬ್ಲೂಸ್ ಎಂಬ ಹಾಡಿನ ಬಗೆ ರೂಪುಗೊಳ್ಳುತ್ತಿತ್ತು. ರಾಕ್ ಸಂಗೀತದ ಬೇರು ಅಲ್ಲಿದೆ. ಬಡವನ ಮನೆಯ ಸಂಕಟವನ್ನು ನಗುತ್ತಲೇ ಹಾಡುವುದು ಅವರಿಗೂ ಗೊತ್ತು, ಶರೀಫರಿಗೂ ಗೊತ್ತು. ಆದುದರಿಂದ ಮಾಳಿಗೆಯ ಪದಕ್ಕೆ ಗಿಟಾರು ಪರಕೀಯವೆನಿಸುವುದಿಲ್ಲ. ಗುಡುಗುಡಿಯ ಪದದಲ್ಲಿ ಮಾತ್ರ ಅಬ್ಬರ ತುಸು ಹೆಚ್ಚಾಯಿತೆಂದು ನಮ್ಮ ಅಭಿಪ್ರಾಯ.

ನಮ್ಮ ಮಗ ಹೈದರಾಬಾದಿನಲ್ಲಿಯೇ ಹುಟ್ಟಿದವನು. ನಾವು ಕನ್ನಡದಲ್ಲಿ ಕೇಳಿದರೆ ತೆಲುಗಿನಲ್ಲಿ ಉತ್ತರಿಸುವನು. ಒಂದು ಮಳೆಗಾಲ ನಮ್ಮ ಬಾಡಿಗೆ ಮನೆಯ ಮೇಲ್ಛಾವಣಿ ನಿಜವಾಗಿಯೇ ಸೋರಹತ್ತಿತು. ಮಾಲೀಕರಿಗೆ ಹೇಳಿ ಹೇಳಿ ಸಾಕಾಗಿತ್ತು. ಬಕೆಟ್ಟಿಟ್ಟು ಕುಳಿತಿದ್ದಾಗ ಅವನು ಫೋನಿನಲ್ಲಿ ಈ ಹಾಡು ಹಾಕಿ, "ಅಜ್ಜೀ, ಮಾಳಿಗಿ ಅಂದರೇನು?" ಎಂದ. ಶಿಗ್ಗಾಂವಿ ಕಡೆಯವರಾದ ನಮ್ಮ ತಾಯಿ ಮೇಲೆ ಕೈ ತೋರಿಸಿ, "ಇದs ನೋಡ ತಮ್ಮಾ. ಧಾಟಿ ಬ್ಯಾರೆ ಮಾಡ್ಯಾನ. ಆದ್ರ ಪದ ಕೆಡಿಸಿಲ್ಲ," ಎಂದರು.

ಮರುದಿನ ಅವರು ತಮಗೆ ಬರುವ ಪದಗಳನ್ನು ಒಂದೊಂದಾಗಿ ಹೇಳಿ ಬರೆಸಿದರು. ಹುಡುಗ ಬರೆದುಕೊಂಡದ್ದು ಇಂಗ್ಲಿಷ್ ಅಕ್ಷರಗಳಲ್ಲಿ. ಹೊರನಾಡಿನಲ್ಲಿ ಮಕ್ಕಳಿಗೆ ಅಕ್ಷರ ಕಲಿಸುವುದನ್ನು ಮುಂದೂಡುತ್ತ ಬಂದ ತಪ್ಪು ನಮ್ಮದೇ. ಈಗ ಭಾನುವಾರಗಳಲ್ಲಿ ಅಜ್ಜಿ ತಿದ್ದಿಸುತ್ತಿದ್ದಾರೆ, ಒತ್ತಕ್ಷರದವರೆಗೆ ಬಂದಿದ್ದಾನೆ.