ಸ್ಯಾಂಡೋ ಬನಿಯನ್‌ನಿಂದ ಪ್ರೋಟೀನ್ ಡಬ್ಬಿವರೆಗೆ

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಜಿಮ್‌ಗೆ ಹೋಗೋ ದೋಸ್ತರೇ, ಮೈಮೇಲಿನ ಸ್ಯಾಂಡೋ ಬನಿಯನ್ ಒಂದ್ಸಲ ನೋಡ್ಕೊಳ್ರಿ. ಸ್ಯಾಂಡೋ ಅನ್ನೋದು ಬಟ್ಟೆ ಹೆಸರಲ್ಲ, ಒಬ್ಬ ಪೈಲ್ವಾನನ ಹೆಸರು.

1/4
ಯೂಜೆನ್ ಸ್ಯಾಂಡೋ 1889ರಲ್ಲಿ ಲಂಡನ್‌ನಲ್ಲಿ ಹೆಸರು ಮಾಡಿದ. 1905ರಲ್ಲಿ ಭಾರತಕ್ಕೂ ಬಂದು ಪ್ರದರ್ಶನ ಕೊಟ್ಟ. ಹಾಲಿನಿಂದ ತೆಗೆದ ‘ಪ್ಲಾಸ್ಮಾನ್’ ಅನ್ನೋ ಪ್ರೋಟೀನ್ ಪುಡಿಯ ಜಾಹೀರಾತಿಗೆ ಅವನದೇ ಹೆಸರು ಬಳಸಿದ್ರು. ಲೆಕ್ಕ ಹಾಕ್ರಿ: ಆ ಪುಡಿ ಪೇಟೆಗೆ ಬರೋ ಸುಮಾರು ಹತ್ತು ವರ್ಷ ಮೊದಲೇ ಅವನ ಮೈಕಟ್ಟು ತಯಾರಾಗಿತ್ತು. ಮೈ ಮೊದಲು, ಡಬ್ಬಿ ಆಮೇಲೆ. ಜಾಹೀರಾತು ಮಾತ್ರ ಉಲ್ಟಾ ಹೇಳ್ತದ.

2/4
ನಮ್ಮವರೇನು ಕಡಿಮೆ ಇಲ್ಲ. ಕರದಂಟು ತಿಂದ್ರ ಪೈಲ್ವಾನ ಆಗ್ತೀ ಅಂತ ನಾವೂ ಹೇಳ್ತೀವಿ. ಕರದಂಟಿನ ಮ್ಯಾಲ ನನಗೂ ಪ್ರೀತಿ ಐತಿ. ಆದ್ರ ಪ್ರೀತಿ ಪುರಾವೆ ಅಲ್ಲ.

3/4
ಈಗ ನಮ್ಮ ರಾಜ್ಯದ ಕಥೆ. ಅಶ್ವಿನಿ ಅಕ್ಕುಂಜಿ 2010ರಲ್ಲಿ ಕಾಮನ್‌ವೆಲ್ತ್ ಮತ್ತು ಏಷ್ಯನ್ ಗೇಮ್ಸ್ ಎರಡರಲ್ಲೂ ರಿಲೇ ಚಿನ್ನ ಗೆದ್ದ ತಂಡದವರು. 2011ರಲ್ಲಿ ಅವರ ಪರೀಕ್ಷೆಯಲ್ಲಿ ಮೆಥಾಂಡಿಯೆನೋನ್ ಅನ್ನೋ ಸ್ಟೆರಾಯ್ಡ್ ಸಿಕ್ಕಿತು. ವಿದೇಶಿ ಕೋಚ್ ಕೊಟ್ಟ ಜಿನ್ಸೆಂಗ್ ಸಪ್ಲಿಮೆಂಟ್‌ನಿಂದ ಹೀಗಾಯ್ತು ಅಂತ ವಾದ ಮಂಡಿಸಿದರು. ಮೊದಲು ಒಂದು ವರ್ಷದ ನಿಷೇಧ. 2012ರಲ್ಲಿ ಅಂತಾರಾಷ್ಟ್ರೀಯ ಕ್ರೀಡಾ ನ್ಯಾಯಾಲಯ ಅದನ್ನ ಎರಡು ವರ್ಷ ಮಾಡಿತು. ನಿಯಮ ಸರಳ: ಡಬ್ಬಿ ಯಾರೇ ಕೊಡಲಿ, ಬಾಯಿಗೆ ಹಾಕ್ಕೊಂಡವರೇ ಹೊಣೆ.

4/4
ಹಾಗಾದ್ರ ಎಲ್ಲಾ ಸುಳ್ಳಾ? ಅಲ್ಲ. ಭಾರ ಎತ್ತೋವರಿಗೆ ಕ್ರಿಯಾಟಿನ್ ಉಪಯೋಗ ಆಗ್ತದ ಅನ್ನೋದಕ್ಕೆ 1992ರಿಂದ ಈಚೆಗೆ ಸಾಕಷ್ಟು ಸಂಶೋಧನೆ ಐತಿ. ಸ್ನಾಯು ಬೆಳೆಯಾಕ ಪ್ರೋಟೀನ್ ಬೇಕು ಅನ್ನೋದೂ ಖರೆ. ಆದ್ರ ಅದು ಡಬ್ಬಿಯಿಂದಲೇ ಬರಬೇಕಂತಿಲ್ಲ. ಮೊಟ್ಟೆ, ಹಾಲು, ಶೇಂಗಾ, ಮಡಕಿ ಕಾಳಿನಾಗೂ ಐತಿ. 2024ರಲ್ಲಿ ಭಾರತದಾಗ ಮಾರೋ 36 ಪ್ರೋಟೀನ್ ಪುಡಿಗಳನ್ನ ಪರೀಕ್ಷೆ ಮಾಡಿದಾಗ, ಸುಮಾರು 70% ಡಬ್ಬಿಗಳ ಮೇಲಿನ ಪ್ರೋಟೀನ್ ಲೆಕ್ಕ ತಪ್ಪಿತ್ತು. ಕೆಲವುದರಾಗ ಹೇಳಿದ್ದರ ಅರ್ಧವಷ್ಟೇ ಇತ್ತು. ಅದೇ ವರ್ಷ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ತನ್ನ ಆಹಾರ ಮಾರ್ಗಸೂಚಿಯಲ್ಲಿ, ಮೈ ಬೆಳೆಸಾಕ ಪ್ರೋಟೀನ್ ಪುಡಿ ಬೇಡ ಅಂತು.

ನಾನು ಬಿಕಾಂ ಹುಡುಗ, ಡಾಕ್ಟರ್ ಅಲ್ಲ. ಆದ್ರ ಬಿಲ್ ನೋಡದ ರೊಕ್ಕ ಕೊಡಬಾರದು ಅಂತ ಗೊತ್ತು. ಅವ್ವನ ಕಡೆ ಇಸ್ಕೊಂಡ ರೊಕ್ಕ ಅಂಗಡಿಯವನಿಗೆ ಕೊಡೋ ಮೊದಲು ಕೇಳ್ರಿ: ಇದನ್ನ ಯಾರ ಮ್ಯಾಲ ಪರೀಕ್ಷೆ ಮಾಡ್ಯಾರ? ಆ ಪರೀಕ್ಷೆಗೆ ರೊಕ್ಕ ಹಾಕಿದವರು ಯಾರು?

ನಿಮ್ಮ ಡಬ್ಬಿ ಮ್ಯಾಲ ಏನು ಬರದಾರ? ಕಮೆಂಟ್‌ನಾಗ ಹಾಕ್ರಿ, ಮುಂದಿನ ಭಾಗದಾಗ ಒಂದೊಂದೇ ಬಿಚ್ಚಿ ನೋಡೋಣ.