ಸಂಡೂರು ಗಣಿನಾಡು: ಬೆಟ್ಟ, ಜಲಾಶಯಗಳ ನಡುವಣ ನೆಲದ ಅಳತೆ

ಕೊಟ್ಟೂರಿನಿಂದ ಕೂಡ್ಲಿಗಿ ಮಾರ್ಗವಾಗಿ ಈಶಾನ್ಯಕ್ಕೆ ಸಾಗಿದರೆ ಸಂಡೂರಿನ ಕಬ್ಬಿಣದ ಬೆಟ್ಟಸಾಲು ಎದುರಾಗುತ್ತದೆ. ಅದರ ಒಂದು ತುದಿ ಹೊಸಪೇಟೆಯ ಬಳಿ, ತುಂಗಭದ್ರಾ ಜಲಾಶಯದ ಸಮೀಪಕ್ಕೆ ಬಂದು ನಿಲ್ಲುತ್ತದೆ. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾದಾಗ ಕೊಟ್ಟೂರು, ಹೊಸಪೇಟೆಗಳು ಹೊಸ ಜಿಲ್ಲೆಗೆ ಸೇರಿದವು. ಸಂಡೂರು ಬಳ್ಳಾರಿಯಲ್ಲೇ ಉಳಿಯಿತು.

ಈ ಸೀಮೆಯ ಶಿಲಾರಚನೆಯನ್ನು ವಿವರವಾಗಿ ದಾಖಲಿಸಿದವರು ರಾಬರ್ಟ್ ಬ್ರೂಸ್ ಫೂಟ್. ಅವರ ಬಳ್ಳಾರಿ ಜಿಲ್ಲೆಯ ಭೂವಿಜ್ಞಾನ ಗ್ರಂಥ ಪ್ರಕಟವಾದದ್ದು 1895ರಲ್ಲಿ. ಆಗ ಸಂಡೂರು ಪ್ರತ್ಯೇಕ ಸಂಸ್ಥಾನವಾಗಿತ್ತು.

ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ಪ್ರಮಾಣದ ನಕ್ಷೆಯಲ್ಲಿ ಒಂದು ಸೆಂಟಿಮೀಟರ್ ಎಂದರೆ ನೆಲದ ಮೇಲೆ 500 ಮೀಟರ್. ಎತ್ತರ ಸೂಚಿಸುವ ಸಮೋನ್ನತಿ ರೇಖೆಗಳ ಅಂತರ ಸಾಮಾನ್ಯವಾಗಿ 20 ಮೀಟರ್. ಹದಿನೈದು ಮೀಟರ್ ಎತ್ತರದ ತ್ಯಾಜ್ಯ ಮಣ್ಣಿನ ರಾಶಿ ಎರಡು ರೇಖೆಗಳ ನಡುವೆ ಅಡಗಿಬಿಡಬಹುದು. ಗಡಿಯಿಂದ 25 ಮೀಟರ್ ಆಚೆಗೆ ನಡೆದ ಅಗೆತ ಈ ನಕ್ಷೆಯಲ್ಲಿ ಅರ್ಧ ಮಿಲಿಮೀಟರ್ ಮಾತ್ರ. ಒತ್ತುವರಿಯ ತಕರಾರನ್ನು ಇಂತಹ ನಕ್ಷೆಯಿಂದ ತೀರ್ಮಾನಿಸಲಾಗದು. ಗುತ್ತಿಗೆಯ ಗಡಿಕಲ್ಲುಗಳಿಂದಲೇ ಅಳೆಯಬೇಕು.

ಹಾಗೆ ಅಳೆದದ್ದು 2011ರಲ್ಲಿ. ಆ ವರ್ಷ ಜುಲೈ 29ರಂದು ಸುಪ್ರೀಂ ಕೋರ್ಟ್ ಬಳ್ಳಾರಿಯಲ್ಲಿ ಗಣಿಗಾರಿಕೆ ಸ್ಥಗಿತಗೊಳಿಸಿತು. ಮುಂದಿನ ತಿಂಗಳು ಚಿತ್ರದುರ್ಗ, ತುಮಕೂರು ಜಿಲ್ಲೆಗಳಿಗೂ ಆದೇಶ ವಿಸ್ತರಿಸಿತು. ಜಂಟಿ ತಂಡದ ಸರ್ವೆಯನ್ನು ಆಧರಿಸಿ ಕೇಂದ್ರೀಯ ಉನ್ನತಾಧಿಕಾರ ಸಮಿತಿಯು 166 ಗುತ್ತಿಗೆಗಳನ್ನು ವರ್ಗೀಕರಿಸಿತು: 'ಎ' 45, 'ಬಿ' 72, 'ಸಿ' 49. ಗುತ್ತಿಗೆ ಪ್ರದೇಶದ ಶೇ 10ಕ್ಕಿಂತ ಹೆಚ್ಚು ಜಾಗವನ್ನು ಹೊರಗೆ ಅಗೆದಿದ್ದರೆ, ಇಲ್ಲವೇ ಶೇ 15ಕ್ಕಿಂತ ಹೆಚ್ಚು ಜಾಗದಲ್ಲಿ ತ್ಯಾಜ್ಯ ಸುರಿದಿದ್ದರೆ 'ಸಿ' ವರ್ಗ. ನಕ್ಷೆಯ ಗೆರೆ ಸ್ವಲ್ಪ ಸರಿದರೂ ಗಣಿಯ ಭವಿಷ್ಯವೇ ಬದಲಾಗುತ್ತಿತ್ತು! ಗಣಿ ಮಾಲೀಕರು ಸರ್ವೆಯ ವಿಧಾನವನ್ನೇ ಪ್ರಶ್ನಿಸಿದ್ದು ಅಚ್ಚರಿಯೇನಲ್ಲ. 2013ರ ಏಪ್ರಿಲ್ 18ರ ತೀರ್ಪು ಈ ವರ್ಗೀಕರಣವನ್ನು ಒಪ್ಪಿ 'ಸಿ' ಗುತ್ತಿಗೆಗಳನ್ನು ರದ್ದುಪಡಿಸಿತು. ಆಂಧ್ರ ಗಡಿಯಂಚಿನ ಏಳು ಗುತ್ತಿಗೆಗಳನ್ನು ಮಾತ್ರ ರಾಜ್ಯದ ಗಡಿ ನಿರ್ಧಾರವಾಗುವವರೆಗೆ ತಡೆಹಿಡಿಯಿತು.

ಜಲಾಶಯದ ತಳದ ಅಳತೆಯ ಕಥೆ ಬೇರೆ. ಆರಂಭದಲ್ಲಿ ಸುಮಾರು 133 ಟಿಎಂಸಿ ಅಡಿಯಿದ್ದ ಸಂಗ್ರಹ ಸಾಮರ್ಥ್ಯ 2008ರ ಸಮೀಕ್ಷೆಯಲ್ಲಿ 100.855ಕ್ಕೆ ಇಳಿದಿತ್ತು, 2016ರಲ್ಲಿ 105.788 ಎಂದು ಬಂತು. ಹೂಳು ತಾನಾಗಿ ಕರಗುವುದಿಲ್ಲವಾದ್ದರಿಂದ ಈ ಏರಿಕೆಯನ್ನು ಅಳೆಯುವ ವಿಧಾನದ ವ್ಯತ್ಯಾಸವೆಂದೇ ಓದಬೇಕು. ಹೂಳಿಗೆಲ್ಲ ಗಣಿಯೇ ಕಾರಣವೆನ್ನುವುದೂ ಸರಿಯಲ್ಲ. ಜಲಾನಯನ ಪ್ರದೇಶ ಮಲೆನಾಡಿನವರೆಗೆ ಸುಮಾರು 28,000 ಚದರ ಕಿ.ಮೀ. ಹರಡಿದೆ.

2021ರ ತಿದ್ದುಪಡಿಯಂತೆ 50 ಹೆಕ್ಟೇರ್ ಅಥವಾ ಅದಕ್ಕಿಂತ ದೊಡ್ಡ ಗುತ್ತಿಗೆಗಳು, ಹಾಗೆಯೇ ವರ್ಷಕ್ಕೆ 10 ಲಕ್ಷ ಟನ್ ಅಥವಾ ಹೆಚ್ಚು ಅಗೆಯುವ ಯೋಜನೆಯುಳ್ಳವು, ಪ್ರತಿವರ್ಷ ಡ್ರೋನ್ ಸಮೀಕ್ಷೆಯ ಚಿತ್ರ ಸಲ್ಲಿಸಬೇಕು. ಗಡಿಯಾಚೆಗಿನ 100 ಮೀಟರ್ ಪಟ್ಟಿಯೂ ಅದರಲ್ಲಿರಬೇಕು. ಅದಕ್ಕೂ ಆಚೆ ಹಳ್ಳಗಳಿಗೆ ಇಳಿಯುವ ಕೆಂಪು ಮಣ್ಣು ಆ ಚಿತ್ರದ ಹೊರಗೇ ಉಳಿಯುತ್ತದೆ.