ರಾಜಕೀಯ ಚರ್ಚೆಯಿಂದ ಮನಸ್ಸು ಬದಲಾಗುತ್ತದೆಯೇ?

ಚುನಾವಣೆ ಬಂತೆಂದರೆ ಬೆಟಗೇರಿಯ ಚಹಾದಂಗಡಿಯಲ್ಲೂ ಲಕ್ಷ್ಮೇಶ್ವರದ ಕಟ್ಟೆಯ ಮೇಲೂ ವಾದ ಜೋರು. ಕೊನೆಗೆ ಎಲ್ಲರೂ ತಂತಮ್ಮ ಅಭಿಪ್ರಾಯ ಹೊತ್ತುಕೊಂಡೇ ಮನೆಗೆ ಹೋಗುತ್ತಾರೆ. ಹಾಗಾದರೆ ಚರ್ಚೆಯೇ ವ್ಯರ್ಥವೇ?

ಇದು ಅರ್ಧ ಸತ್ಯ. ಹಲವು ದೇಶಗಳ 56 ಟಿವಿ ಚರ್ಚೆಗಳನ್ನು ಪರಿಶೀಲಿಸಿ 2023ರಲ್ಲಿ ಪ್ರಕಟವಾದ ಅಧ್ಯಯನಕ್ಕೆ, ಅವು ಮತದಾರರ ಆಯ್ಕೆಯನ್ನು ಬದಲಿಸಿದ ಕುರುಹು ಸಿಗಲಿಲ್ಲ. ಪಕ್ಷವೇ ನಮ್ಮ ಗುರುತಾದಾಗ ಎದುರಿನವರ ವಾದವನ್ನು ತೂಗುವುದಿಲ್ಲ, ಅದರಲ್ಲಿ ತಪ್ಪು ಹುಡುಕುತ್ತೇವೆ. ನಾಲ್ಕು ಜನರೆದುರು ಸೋಲೊಪ್ಪುವುದು ಇನ್ನೂ ಕಷ್ಟ.

ಆದರೆ ಮಾತಿನ ರೀತಿ ಬದಲಾದರೆ ಫಲವೂ ಬದಲಾಗುತ್ತದೆ. ಡೇವಿಡ್ ಬ್ರೂಕ್‌ಮನ್ ಮತ್ತು ಜೋಶುವಾ ಕಲ್ಲಾ 2016ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಪ್ರಯೋಗವನ್ನು ವರದಿ ಮಾಡಿದರು. ಅಮೆರಿಕದ ಮಯಾಮಿಯಲ್ಲಿ ಮನೆಬಾಗಿಲಿಗೆ ಹೋಗಿ, ಎದುರಿನವರ ಅನುಭವ ಕೇಳುತ್ತಾ ಸುಮಾರು 10 ನಿಮಿಷ ಮಾತಾಡಿದಾಗ, ಲಿಂಗತ್ವ ಅಲ್ಪಸಂಖ್ಯಾತರ ಬಗೆಗಿನ ಪೂರ್ವಗ್ರಹ ತಗ್ಗಿತು. ಪರಿಣಾಮ 3 ತಿಂಗಳಾದರೂ ಉಳಿದಿತ್ತು.

ನಮ್ಮಲ್ಲೇ ನೋಡಿ. ಮುಂಡರಗಿ ತಾಲ್ಲೂಕಿನ ಹಳ್ಳಿಗುಡಿ ಭಾಗದಲ್ಲಿ ಪೋಸ್ಕೊ ಉಕ್ಕಿನ ಕಾರ್ಖಾನೆಗೆ 2010ರಲ್ಲಿ ಒಪ್ಪಂದವಾಗಿತ್ತು. ರೈತರು ಮತ್ತು ಗದಗದ ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ವಿರೋಧಿಸಿದ ಮೇಲೆ 2011ರಲ್ಲಿ ಸರ್ಕಾರ ಭೂಸ್ವಾಧೀನ ನಿಲ್ಲಿಸಿತು. 2013ರಲ್ಲಿ ಕಂಪನಿಯೂ ಹಿಂದೆ ಸರಿಯಿತು. ಇಲ್ಲಿ ಬದಲಾದದ್ದು ನಿರ್ಧಾರ. ಯೋಜನೆಯ ಪರವಿದ್ದವರೆಲ್ಲ ಮನಸ್ಸು ಬದಲಿಸಿದರು ಎಂದು ಇದರಿಂದ ಹೇಳಲಾಗದು. ಆದರೆ ಪ್ರಶ್ನೆ ಪಕ್ಷದ್ದಲ್ಲ, ಹೊಲದ್ದು ಎಂದಾಗ ಮಾತಿಗೆ ತೂಕ ಬರುತ್ತದೆ.

ಹಾಗಾಗಿ ಗೆಲ್ಲಲು ವಾದಿಸಬೇಡಿ. ಒಬ್ಬರೇ ಸಿಕ್ಕಾಗ, ಒಂದೇ ವಿಷಯ ಹಿಡಿದು, ಮೊದಲು ಕೇಳಿಸಿಕೊಳ್ಳಿ.